ಬೆವರುತ್ತಿದ್ದ ಬಾಲಕನ ಶಾಖಾಘಾತ: ಒಂದು ಪ್ರಕರಣ ಅಧ್ಯಯನ

ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿನವರಿಗೆ ಸುದ್ದಿಯೇ ಅಲ್ಲ. ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಬೇಸಿಗೆ ವೇಳಾಪಟ್ಟಿ ಈ ಭಾಗದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಕಚೇರಿಯ ಕೆಲಸಕ್ಕೆ ತೋರುವ ಈ ಎಚ್ಚರವನ್ನು ರಜೆಯಲ್ಲಿರುವ ಮಕ್ಕಳ ಆಟಕ್ಕೆ ಯಾರೂ ತೋರುವುದಿಲ್ಲ. ಕೆಳಗಿನ ಪ್ರಕರಣವನ್ನು ತಾಲ್ಲೂಕು ಮಟ್ಟದ ವೈದ್ಯರು, ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು ಮತ್ತು ಪಾಲಕರ ತಿಳಿವಳಿಕೆಗೆಂದು, ಶಾಖಾಘಾತಕ್ಕೆ, ಅಂದರೆ ಬಿಸಿಲಿನ ಹೊಡೆತಕ್ಕೆ, ಸಿಕ್ಕ ಮಕ್ಕಳಲ್ಲಿ ಕಾಣುವ ಲಕ್ಷಣಗಳನ್ನೂ ಚಿಕಿತ್ಸೆಯ ಗತಿಯನ್ನೂ ಒಬ್ಬ ಬಾಲಕನ ಸುತ್ತ ಜೋಡಿಸಿ ರೂಪಿಸಲಾಗಿದೆ. ಆದ್ದರಿಂದ ಇಲ್ಲಿ ಯಾವ ವ್ಯಕ್ತಿಯ, ಊರಿನ ಅಥವಾ ಆಸ್ಪತ್ರೆಯ ಹೆಸರೂ ಇಲ್ಲ.

ಹಿನ್ನೆಲೆ

ಬಾಲಕನಿಗೆ 11 ವರ್ಷ, ತೂಕ 28 ಕಿಲೋ. ತಂದೆತಾಯಿ ರಾಯಚೂರು ಜಿಲ್ಲೆಯ ಹಳ್ಳಿಯೊಂದರಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸದಲ್ಲಿದ್ದಾರೆ. ಬಾಲಕ ಓದುವುದೂ ಅಲ್ಲಿಯೇ. ಬಂಧುಗಳ ಮದುವೆಗೆಂದು ಕುಟುಂಬ ಊರಿಗೆ ಬಂದು ಮೂರು ದಿನವಾಗಿತ್ತು. ಮೊದಲು ಯಾವ ಕಾಯಿಲೆಯೂ ಇರಲಿಲ್ಲ, ಫಿಟ್ಸ್ ಬಂದ ಇತಿಹಾಸವಿರಲಿಲ್ಲ. ಮದುವೆ ಊಟದ ಮರುದಿನ ನಾಲ್ಕೈದು ಬಾರಿ ಭೇದಿಯಾಗಿತ್ತು. ಜೊತೆಗೆ ನೆಗಡಿ ಇದ್ದುದರಿಂದ ಔಷಧದಂಗಡಿಯಿಂದ ತಂದ ಶೀತದ ಸಿರಪ್ ಅನ್ನು ದಿನಕ್ಕೆ ಮೂರು ಬಾರಿ ಕೊಡಲಾಗುತ್ತಿತ್ತು. ಈ ಸಿರಪ್‌ನಲ್ಲಿ ಕ್ಲೋರ್‌ಫೆನಿರಮೀನ್ ಎಂಬ ಅಲರ್ಜಿ ಔಷಧ ಇದ್ದ ಸಂಗತಿ ತಾಯಿ ಸೆರಗಿನ ಗಂಟಿನಿಂದ ಬಾಟಲಿ ತೆಗೆದು ತೋರಿಸಿದಾಗಲೇ ಗೊತ್ತಾದದ್ದು. ಕೇಸ್ ಪೇಪರಿನಲ್ಲಿ "ಔಷಧ: ಇಲ್ಲ" ಎಂದು ಅದಾಗಲೇ ಬರೆದಾಗಿತ್ತು. ಅಂಗಡಿಯ ಸಿರಪ್ಪನ್ನು ನಮ್ಮ ಜನ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಅದನ್ನು ಬಿಡಿಸಿ ಕೇಳಲೇಬೇಕಾಗುತ್ತದೆ.

ಮೂರನೆಯ ದಿನ ಭೇದಿ ನಿಂತಿತ್ತು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಊರ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ಇಟ್ಟುಕೊಂಡಿದ್ದರು. ಬಾಲಕ ಬೆಳಿಗ್ಗೆ ಸ್ವಲ್ಪ ಉಪ್ಪಿಟ್ಟು ತಿಂದು 11 ಗಂಟೆಗೆ ಮೈದಾನಕ್ಕೆ ಹೋದ. ಮೈಮೇಲೆ ತಂಡದ ಕಪ್ಪು ನೈಲಾನ್ ಜೆರ್ಸಿ ಇತ್ತು. ಎರಡು ಪಂದ್ಯಗಳ ನಡುವೆ ಕುಡಿದದ್ದು ಒಂದು ಐಸ್ ಶರಬತ್ತು ಮತ್ತು ಅರ್ಧ ಬಾಟಲಿ ನೀರು ಮಾತ್ರ.

ಸುಮಾರು 2 ಗಂಟೆಗೆ ತಲೆನೋವೆಂದು ಹೇಳಿ ವಾಂತಿ ಮಾಡಿಕೊಂಡ. ಬೇವಿನ ಗಿಡದ ನೆರಳಲ್ಲಿ ಹತ್ತು ನಿಮಿಷ ಕೂತು, ಫೀಲ್ಡಿಂಗಿಗೆ ಆಳು ಕಡಿಮೆ ಬಿದ್ದರೆಂದು ಮತ್ತೆ ಎದ್ದು ಹೋದ. ಎರಡೂವರೆಯ ಹೊತ್ತಿಗೆ ಚೆಂಡು ಎಡಕ್ಕೆ ಹೋದರೆ ಅವನು ಬಲಕ್ಕೆ ನಡೆಯುತ್ತಿದ್ದ. ಅಂಪೈರ್ ಆಗಿದ್ದ ದೊಡ್ಡಪ್ಪನ ಮಗನಿಗೆ ಬಾಯಿಗೆ ಬಂದಂತೆ ಬೈದ. ಎಂದೂ ಎದುರು ಮಾತನಾಡದ ಹುಡುಗ ಅಣ್ಣನಿಗೆ ಬೈಯುವುದನ್ನು ಕಂಡು ಉಳಿದವರು ನಕ್ಕರು. 2.40ಕ್ಕೆ ಕುಸಿದು ಬಿದ್ದ.

ಕುಸಿದ ಮೇಲಿನ ಒಂದೂಕಾಲು ಗಂಟೆ

ಹುಡುಗರು ಮುಖಕ್ಕೆ ನೀರು ಚಿಮುಕಿಸಿದರು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಅಂಗಾಲಿಗೆ ತಿಕ್ಕಿದರು. ಕಣ್ಣು ಬಿಟ್ಟರೂ ಅವನಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. 3 ಗಂಟೆಗೆ ಊರಿನ ಖಾಸಗಿ ಚಿಕಿತ್ಸಕರೊಬ್ಬರ ಬಳಿಗೆ ಒಯ್ದರು. ಅಲ್ಲಿ ಕಂಕುಳಿನಲ್ಲಿ ಥರ್ಮಾಮೀಟರ್ ಇಟ್ಟಾಗ ತೋರಿಸಿದ್ದು 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38.9 ಡಿಗ್ರಿ ಸೆಲ್ಸಿಯಸ್. ಮೈ ಬೆವರಿನಿಂದ ತೊಯ್ದಿತ್ತು. ಬೆವರು ಇರುವುದರಿಂದ ಇದು ಬಿಸಿಲಿನ ಹೊಡೆತವಲ್ಲ, ಜ್ವರ ತಲೆಗೇರಿದೆ ಎಂದು ತೀರ್ಮಾನಿಸಿ ಪ್ಯಾರಾಸಿಟಮಾಲ್ ಚುಚ್ಚುಮದ್ದು ಕೊಡಲಾಯಿತು. ಗಾಳಿ ತಾಗದಿರಲೆಂದು ಮನೆಯವರು ಟವೆಲ್ ಹೊದಿಸಿದರು. 3.20ಕ್ಕೆ ಇಡೀ ಮೈ ಅದುರುವ ಫಿಟ್ಸ್ ಬಂದು ಎರಡು ನಿಮಿಷದಲ್ಲಿ ತಾನಾಗಿಯೇ ನಿಂತಿತು. ಆಗ ಗಾಬರಿಗೊಂಡು, ಸಿಕ್ಕ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೊರಟರು. ತಾಲ್ಲೂಕು ಆಸ್ಪತ್ರೆ ತಲುಪಿದಾಗ 3.55. ಆ ಆಟೋದ ತಗಡಿನ ತಳವೂ ಕಾದಿತ್ತೆಂದು ತಂದೆ ಆಮೇಲೆ ಹೇಳಿದರು.

ಪರೀಕ್ಷೆಯಲ್ಲಿ ಕಂಡದ್ದು

ಬಾಲಕ ನೋವು ಕೊಟ್ಟಾಗ ಕಣ್ಣು ತೆರೆಯುತ್ತಿದ್ದ, ನರಳುತ್ತಿದ್ದ, ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಗ್ಲಾಸ್ಗೋ ಪ್ರಜ್ಞಾಮಾಪನದಲ್ಲಿ 15ಕ್ಕೆ 8 (15 ಎಂದರೆ ಪೂರ್ಣ ಎಚ್ಚರ). ನಾಡಿ ನಿಮಿಷಕ್ಕೆ 172, ಉಸಿರಾಟ 44, ರಕ್ತದೊತ್ತಡ 84/46. ಹತ್ತು ವರ್ಷ ದಾಟಿದ ಮಗುವಿನಲ್ಲಿ ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಅದನ್ನು ಕಡಿಮೆ ರಕ್ತದೊತ್ತಡವೆಂದೇ ಪರಿಗಣಿಸಬೇಕು. ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಮರಳಲು ನಾಲ್ಕು ಸೆಕೆಂಡ್ ಹಿಡಿಯುತ್ತಿತ್ತು. ತುಟಿ ಒಣಗಿತ್ತು. ಎದೆ, ಬೆನ್ನು ಒದ್ದೆಯಾಗಿದ್ದವು. ಕೈಕಾಲು ಒಣಗಿ ಸುಡುತ್ತಿದ್ದವು. ಕಣ್ಣಿನ ಪಾಪೆಗಳು ಸಮನಾಗಿದ್ದು ಬೆಳಕಿಗೆ ಸ್ಪಂದಿಸುತ್ತಿದ್ದವು. ಕುತ್ತಿಗೆ ಬಿಗಿದಿರಲಿಲ್ಲ, ಮೈಮೇಲೆ ದದ್ದುಗಳಿರಲಿಲ್ಲ.

ಕರ್ತವ್ಯದಲ್ಲಿದ್ದ ಶುಶ್ರೂಷಕಿ ಮೊದಲು ಕಂಕುಳಿನಲ್ಲೇ ಉಷ್ಣಾಂಶ ನೋಡಿದಾಗ 39.2 ಬಂತು. ಬಾಲಕನ ಸ್ಥಿತಿಗೂ ಈ ಅಂಕಿಗೂ ಹೊಂದಾಣಿಕೆಯಿಲ್ಲವೆಂದು ವೈದ್ಯರು ಗುದದ್ವಾರದ ಮೂಲಕ ಅಳೆಯಲು ಹೇಳಿದರು. ಡಿಜಿಟಲ್ ಥರ್ಮಾಮೀಟರ್ 41.6 ತೋರಿಸಿತು. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ 54 ಮಿಲಿಗ್ರಾಂ ಇತ್ತು. ಮಲೇರಿಯಾದ ಕ್ಷಿಪ್ರ ಪರೀಕ್ಷೆ ನೆಗೆಟಿವ್ ಬಂತು.

ಬೇರೆ ಏನಿರಬಹುದಿತ್ತು

ಸುಡುವ ಮೈ, ಫಿಟ್ಸ್, ಪ್ರಜ್ಞೆ ತಪ್ಪಿದ ಮಗು ಎಂದೊಡನೆ ಈ ಭಾಗದ ವೈದ್ಯರ ಮನಸ್ಸಿಗೆ ಹಲವು ಕಾಯಿಲೆಗಳು ಬರುವುದು ಸಹಜ ಮತ್ತು ಸರಿ. ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಮತ್ತು ಮೆದುಳಿನ ಮಲೇರಿಯಾ ಎಲ್ಲೆಡೆಯೂ ಬರಬಹುದಾದವು. ಭತ್ತ ಬೆಳೆಯುವ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳು ಜಪಾನೀಸ್ ಮೆದುಳು ಜ್ವರಕ್ಕೂ ಹೆಸರಾದವು. ಆದರೆ ಈ ಸೋಂಕುಗಳಲ್ಲಿ ಜ್ವರ, ಮಂಪರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಏರುತ್ತ ಬರುತ್ತವೆ. ಈ ಬಾಲಕ ಮಧ್ಯಾಹ್ನ 12ಕ್ಕೆ ಬೌಲಿಂಗ್ ಮಾಡುತ್ತಿದ್ದ. ಜ್ವರದಿಂದ ಬರುವ ಸಾಮಾನ್ಯ ಫಿಟ್ಸ್ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ಸಮಸ್ಯೆಯಾದ್ದರಿಂದ 11 ವರ್ಷದವನಲ್ಲಿ ಆ ಸಮಾಧಾನಕ್ಕೆ ಜಾಗವಿಲ್ಲ.

ಹೊಲಗದ್ದೆಯ ಪರಿಸರದಲ್ಲಿ ವಿಷವನ್ನು ಮರೆಯಬಾರದು. ಕೀಟನಾಶಕ ಮೈಸೇರಿದ್ದರೆ ಬೆವರು ಸುರಿಯುತ್ತದೆ ನಿಜ, ಆದರೆ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ನಾಡಿ ಅನೇಕ ಬಾರಿ ನಿಧಾನವಾಗುತ್ತದೆ. ದತ್ತೂರಿ ಕಾಯಿ ತಿಂದ ಮಗುವಿನ ಮೈ ಒಣಗಿ ಕಾದಿರುತ್ತದೆ, ಮಗು ಬಡಬಡಿಸುತ್ತದೆ, ಆದರೆ ಪಾಪೆ ಹಿಗ್ಗಿರುತ್ತದೆ. ಇಲ್ಲಿ ಎರಡೂ ಹೊಂದಲಿಲ್ಲ. ಸಕ್ಕರೆ ಕಡಿಮೆಯಾಗಿದ್ದು ಪ್ರಜ್ಞೆ ಮಂಕಾಗಲು ಪಾಲುದಾರನಿರಬಹುದು, 41.6ರ ಉಷ್ಣಾಂಶವನ್ನು ಅದು ವಿವರಿಸಲಾರದು.

ಹೀಗಾಗಿ ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ಮೀರಿ, ಮೆದುಳಿನ ಕೆಲಸ ಏರುಪೇರಾಗಿ, ಬಿಸಿಲಿನಲ್ಲಿ ಶ್ರಮಪಟ್ಟ ಸ್ಪಷ್ಟ ಹಿನ್ನೆಲೆಯಿದ್ದ ಈ ಸ್ಥಿತಿಯನ್ನು ಶ್ರಮಜನ್ಯ ಶಾಖಾಘಾತ, ಅಂದರೆ ಹೀಟ್ ಸ್ಟ್ರೋಕ್ ಎಂದು ನಿರ್ಧರಿಸಲಾಯಿತು. ಮೆನಿಂಜೈಟಿಸ್ ಇಲ್ಲವೇ ಇಲ್ಲವೆಂದು ಆ ಗಳಿಗೆಯಲ್ಲಿ ಪ್ರಮಾಣ ಮಾಡಲಾಗದ ಕಾರಣ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಕೂಡ ಆರಂಭಿಸಲು ನಿಶ್ಚಯಿಸಿದರು. ಬೆನ್ನುಹುರಿ ನೀರಿನ ಪರೀಕ್ಷೆಯನ್ನು ಮುಂದೂಡಿದರು. ಸೋಂಕಿನ ಅನುಮಾನವಿದೆಯೆಂದು ತಂಪು ಮಾಡುವುದನ್ನು ಮಾತ್ರ ಒಂದು ನಿಮಿಷವೂ ತಡೆಯಲಿಲ್ಲ.

ತಂಪು ಮಾಡಿದ ಬಗೆ

ಆ ಆಸ್ಪತ್ರೆಯಲ್ಲಿ ಮಗುವನ್ನು ಮುಳುಗಿಸುವ ತೊಟ್ಟಿಯಾಗಲಿ, ತಂಪಿನ ಹಾಸಿಗೆಯಾಗಲಿ ಇರಲಿಲ್ಲ. ಜೆರ್ಸಿ ಕತ್ತರಿಸಿ ತೆಗೆದು, ಶುಶ್ರೂಷಕಿ ನಲ್ಲಿಯ ನೀರು ಹಿಡಿಯಲು ಹೋದರೆ ಅದು ಕೈ ಸುಡುವಷ್ಟು ಬಿಸಿಯಾಗಿ ಬಂತು. ಮಾಳಿಗೆ ಮೇಲಿನ ಕಪ್ಪು ಟ್ಯಾಂಕು ಬೆಳಗಿನಿಂದ ಬಿಸಿಲಿಗೆ ಕಾದಿತ್ತು. ಬೇಸಿಗೆಯಲ್ಲಿ ಈ ಭಾಗದ ಎಷ್ಟೋ ಆಸ್ಪತ್ರೆ, ಶಾಲೆ, ಮನೆಗಳ ಸ್ಥಿತಿ ಇದೇ ಆದ್ದರಿಂದ, "ನಲ್ಲಿ ನೀರಿನಿಂದ ಮೈ ಒರೆಸಿ" ಎಂಬ ಪುಸ್ತಕದ ಸಲಹೆಯನ್ನು ಸಂಜೆ 4 ಗಂಟೆಗೆ ಕುರುಡಾಗಿ ಪಾಲಿಸಲು ಬರುವುದಿಲ್ಲ. ಡಿ ಗ್ರೂಪ್ ನೌಕರರೊಬ್ಬರು ನೆಲದಡಿಯ ಸಂಪಿನಿಂದ ಕೊಡಗಳಲ್ಲಿ ನೀರು ಎತ್ತಿದರು. ಲಸಿಕೆ ಕೋಣೆಯ ಡೀಪ್ ಫ್ರೀಜರಿನಲ್ಲಿ, ಲಸಿಕೆ ಒಯ್ಯುವ ಡಬ್ಬಿಗಳಿಗೆಂದು ಗಟ್ಟಿಮಾಡಿ ಇಟ್ಟಿದ್ದ ಐಸ್‌ಪ್ಯಾಕುಗಳು ಬಂದವು. ಎದುರಿನ ಸೋಡಾ ಅಂಗಡಿಯಿಂದ ಅರ್ಧ ಚೀಲ ಮಂಜುಗಡ್ಡೆ ಬಂತು.

ನೆಲದ ಮೇಲೆ ತಾಡಪತ್ರಿ ಹಾಸಿ, ಬಾಲಕನನ್ನು ಅದರ ನಡುವೆ ಮಲಗಿಸಿ, ಆರು ಜನ ಅಂಚುಗಳನ್ನು ಎತ್ತಿ ಹಿಡಿದರು. ಹೀಗೆ ಆದ ತೊಟ್ಟಿಲಿನಂಥ ಕುಳಿಗೆ ನೀರು, ಮಂಜುಗಡ್ಡೆ ಸುರಿದು, ಕುತ್ತಿಗೆಯ ಕೆಳಗಿನ ಮೈಯೆಲ್ಲ ನೀರಿನಲ್ಲಿರುವಂತೆ ಮಾಡಲಾಯಿತು. ಇಬ್ಬರು ಅಂಚುಗಳನ್ನು ತೂಗಾಡಿಸುತ್ತ ನೀರು ಮೈಗೆ ಉಜ್ಜುವಂತೆ ನೋಡಿಕೊಂಡರು. ಮೈಗೆ ಅಂಟಿದ ನೀರು ಬೇಗನೆ ಬೆಚ್ಚಗಾಗುವುದರಿಂದ ನೀರನ್ನು ಕದಡದಿದ್ದರೆ ತಂಪು ಒಳಗಿಳಿಯದು. ತಲೆಯ ಬಳಿ ಕೂತ ವೈದ್ಯರು ಗದ್ದ ಎತ್ತಿ ಹಿಡಿದು, ಆಮ್ಲಜನಕ ಕೊಡುತ್ತ, ಸಕ್ಷನ್ ಕೊಳವೆಯನ್ನು ಕೈಯಳತೆಯಲ್ಲಿಟ್ಟುಕೊಂಡಿದ್ದರು. ಪ್ರಜ್ಞೆ 8ರಲ್ಲಿದ್ದುದರಿಂದ ಶ್ವಾಸನಾಳಕ್ಕೆ ಕೊಳವೆ ಹಾಕುವ ಸಿದ್ಧತೆಯೂ ನಡೆದಿತ್ತು.

ಇದನ್ನು ಕಂಡು ಅಜ್ಜಿ ಬಾಗಿಲಲ್ಲೇ ಕೂಗಿದರು: "ಕಾದ ಮೈಗೆ ಐಸ್ ನೀರು ಹಾಕ್ತೀರಲ್ರೀ, ಕೂಸಿಗೆ ಸನ್ನಿ ಆಗ್ತೈತಿ!" ತಾಯಿಯ ಪ್ರಶ್ನೆ ಬೇರೆಯಿತ್ತು: "ಮೈ ಇಷ್ಟು ಸುಡಾಕತ್ತೈತಿ, ಜ್ವರದ ಸೂಜಿ ಯಾಕ ಮಾಡವಲ್ರಿ ಡಾಕ್ಟ್ರೇ?" ಹಿರಿಯ ಶುಶ್ರೂಷಕಿ ಇಬ್ಬರನ್ನೂ ಹೊರಗೆ ಕಳಿಸದೆ, ಅಜ್ಜಿಯ ಕೈಹಿಡಿದು ಹೇಳಿದರು: "ಇದು ಜ್ವರ ಅಲ್ಲಬೇ ಯಮ್ಮಾ. ಬಿಸ್ಲು ಮೈಯಾಗ ಹೊಕ್ಕೈತಿ, ಅದನ್ನ ಹೊರಗ ತಗೀಬೇಕು. ತಣ್ಣೀರ ಇದಕ್ಕ ಔಷಧ." ವೈದ್ಯರ ವಿವರಣೆಗಿಂತ ಈ ಮಾತು ಬೇಗ ಕೆಲಸ ಮಾಡಿತು, ಮುಂದಿನ ಕೊಡವನ್ನು ಅಜ್ಜಿಯೇ ಎತ್ತಿಕೊಟ್ಟರು.

4.02ಕ್ಕೆ ಮತ್ತೊಮ್ಮೆ ಫಿಟ್ಸ್ ಕಾಣಿಸಿದಾಗ ಮಿಡಾಜೋಲಾಮ್ ಸ್ಪ್ರೇಯನ್ನು ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಮೂಗಿಗೆ ಕೊಟ್ಟರು. ಒಂದು ನಿಮಿಷದೊಳಗೆ ನಿಂತಿತು. ರಕ್ತನಾಳ ಸಿಕ್ಕೊಡನೆ 10 ಪರ್ಸೆಂಟ್ ಡೆಕ್ಸ್‌ಟ್ರೋಸ್ 140 ಮಿಲಿಲೀಟರ್, ಆನಂತರ ನಾರ್ಮಲ್ ಸಲೈನ್ 280 ಮಿಲಿಲೀಟರ್ ಹರಿಸಿ, ನಾಡಿ, ಯಕೃತ್ತಿನ ಅಂಚು, ಎದೆಯ ಸದ್ದು ಪರೀಕ್ಷಿಸಿ ಅಷ್ಟೇ ಸಲೈನನ್ನು ಇನ್ನೊಮ್ಮೆ ಕೊಟ್ಟರು. ಶಾಖಾಘಾತದಲ್ಲಿ ರಕ್ತದೊತ್ತಡ ಇಳಿಯಲು ನೀರಿನ ಕೊರತೆಯೊಂದೇ ಕಾರಣವಲ್ಲ. ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲಿ ನಿಂತಿರುತ್ತದೆ, ಮೈ ತಣಿದಂತೆ ಅದರಲ್ಲಿ ಒಂದಷ್ಟು ತಾನಾಗಿಯೇ ಹಿಂದಿರುಗುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಬಾಟಲಿ ಏರಿಸಿದರೆ ಶ್ವಾಸಕೋಶ, ಮೆದುಳು ಊದಿಕೊಳ್ಳುವ ಅಪಾಯವಿದೆ.

ತಾಡಪತ್ರಿಯ ನೀರಿಗಿಳಿಸಿದ್ದು 4.04ಕ್ಕೆ. ಉಷ್ಣಾಂಶ 4.10ಕ್ಕೆ 40.8, 4.16ಕ್ಕೆ 39.8, 4.22ಕ್ಕೆ 38.9. ಅಲ್ಲಿಗೆ ನೀರಿನಿಂದ ಎತ್ತಿ ಒರೆಸಿ ಒಣ ಬಟ್ಟೆಯ ಮೇಲೆ ಮಲಗಿಸಲಾಯಿತು. 39ರ ಆಸುಪಾಸಿನಲ್ಲಿ ನಿಲ್ಲಿಸದೆ 37 ಬರುವವರೆಗೆ ಮುಂದುವರಿಸಿದರೆ ಮೈ ಅತಿಯಾಗಿ ತಣಿದು ನಡುಕ ಹುಟ್ಟುತ್ತದೆ. ಈ ಬಾಲಕನಲ್ಲೂ ನೀರಿನಿಂದ ತೆಗೆದ ಮೇಲೆ ಉಷ್ಣಾಂಶ ಇಳಿಯುತ್ತಲೇ ಹೋಗಿ 37.8ಕ್ಕೆ ನಿಂತಿತು. 4.30ಕ್ಕೆ ತಾಯಿಯ ದನಿಗೆ ಕಣ್ಣು ಬಿಟ್ಟ. ಪ್ರಜ್ಞೆ 12ಕ್ಕೇರಿದ್ದರಿಂದ ಕೊಳವೆಯ ಅಗತ್ಯ ಬೀಳಲಿಲ್ಲ. 108 ಆಂಬುಲೆನ್ಸ್ 4.15ಕ್ಕೇ ಬಂದು ನಿಂತಿತ್ತು. ಅದನ್ನು ಕಾಯಿಸಿ, ಉಷ್ಣಾಂಶ ಇಳಿದು ರಕ್ತದೊತ್ತಡ 98ಕ್ಕೆ ಬಂದ ಮೇಲೆಯೇ ಜಿಲ್ಲಾ ಕೇಂದ್ರದ ಬೋಧಕ ಆಸ್ಪತ್ರೆಗೆ ಕಳಿಸಿದರು. ದೊಡ್ಡ ಆಸ್ಪತ್ರೆಗೆ ಬೇಗ ಸಾಗಹಾಕುವುದೇ ಸುರಕ್ಷಿತವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹೆಚ್ಚಿನ ತುರ್ತುಗಳಲ್ಲಿ ಅದು ಸರಿ, ಶಾಖಾಘಾತದಲ್ಲಿ ಮಾತ್ರ ಮೊದಲು ತಂಪು, ಆಮೇಲೆ ಸಾಗಣೆ.

ಚರ್ಚೆ

ಈ ಪ್ರಕರಣವನ್ನು ದಾರಿ ತಪ್ಪಿಸಿದ್ದು ಎರಡು ಸಂಗತಿಗಳು. ಒಂದು ಬೆವರು. ಶಾಖಾಘಾತವೆಂದರೆ ಒಣಗಿದ ಮೈ ಎಂಬ ನಂಬಿಕೆ ಅರ್ಧಸತ್ಯ. ತಗಡಿನ ಸೂರಿನಡಿ ಮಲಗಿಸಿದ ಹಸುಗೂಸಿನಲ್ಲಿ, ಮುಚ್ಚಿದ ವಾಹನದಲ್ಲಿ ಉಳಿದ ಮಗುವಿನಲ್ಲಿ ಮೈ ಒಣಗಿರುವುದೇ ಹೆಚ್ಚು. ಓಡಿ ಆಡಿ ಕುಸಿದ ಮಗುವಿನಲ್ಲಿ ಬೆವರು ಧಾರಾಳವಾಗಿಯೇ ಇರಬಹುದು. ಮಣ್ಣಿನ ಹರವಿಯ ಮೈ ಜಿನುಗಿ ಆ ತೇವ ಆರಿದರಷ್ಟೇ ಒಳಗಿನ ನೀರು ತಣ್ಣಗಾಗುವಂತೆ, ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ನೈಲಾನ್ ಜೆರ್ಸಿಯೊಳಗೆ ಹರಿದು ತೊಟ್ಟಿಕ್ಕುವ ಬೆವರಿನಿಂದ ನೀರು, ಉಪ್ಪು ನಷ್ಟವಾಗುತ್ತದೆಯೇ ಹೊರತು ಶಾಖ ಹೋಗುವುದಿಲ್ಲ. ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿರುವಾಗ, ಅಂದರೆ ಸುಮಾರು 35 ಡಿಗ್ರಿ ಮೀರಿದಾಗ, ದೇಹಕ್ಕೆ ಉಳಿಯುವುದು ಈ ಒಂದೇ ದಾರಿ. ಮಕ್ಕಳಲ್ಲಿ ಬೆವರಿನ ಪ್ರಮಾಣ ದೊಡ್ಡವರಿಗಿಂತ ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಹಾಗಾಗಿ ಗಾಳಿ ತಣ್ಣಗಿದ್ದಾಗ ನೆರವಾಗುವ ಅದೇ ಚರ್ಮ 42 ಡಿಗ್ರಿಯಲ್ಲಿ ಹೊರಗಿನ ಶಾಖವನ್ನು ಒಳಗೆ ಎಳೆಯುತ್ತದೆ. ಒಣ ಮೈಗೆ ಫ್ಯಾನ್ ಹಾಕಿ ಕೂರುವುದರಿಂದ ಅಂಥ ಮಧ್ಯಾಹ್ನ ಪ್ರಯೋಜನವಿಲ್ಲದಿರಲು ಇದೇ ಕಾರಣ. ಮೈಗೆ ನೀರು ಹಚ್ಚಿ ಫ್ಯಾನ್ ಹಾಕಿದರೆ ಮಾತು ಬೇರೆ.

ಎರಡನೆಯದು ಕಂಕುಳಿನ ಥರ್ಮಾಮೀಟರ್. ಕುಸಿದ ಮಗುವಿನ ಒದ್ದೆ ಚರ್ಮದಲ್ಲಿ, ರಕ್ತಸಂಚಾರ ಕುಂಠಿತವಾಗಿರುವಾಗ, ಕಂಕುಳ ಒಳಗಿನ ಬಿಸಿಯನ್ನು ಹೇಳುವುದಿಲ್ಲ. ಇಲ್ಲಿ ಎರಡು ಡಿಗ್ರಿಗೂ ಮೀರಿದ ವ್ಯತ್ಯಾಸವಿತ್ತು. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರನ್ನೂ ಹಾಗೆಯೇ ನಂಬಲಾಗದು. ಗುದದ್ವಾರದ ಅಳತೆ ಸಾಧ್ಯವಿಲ್ಲದ ಜಾಗದಲ್ಲಿ, ಬಿಸಿಲಲ್ಲಿದ್ದ ಮಗುವಿನ ನಡವಳಿಕೆ ಬದಲಾಗಿದ್ದರೆ ಅಂಕಿಗಾಗಿ ಕಾಯದೆ ತಂಪು ಮಾಡಲು ತೊಡಗಬೇಕು.

ನಡವಳಿಕೆಯ ಬದಲಾವಣೆಯೇ ಈ ಪ್ರಕರಣದ ತಿರುಳು. ವಾಂತಿ, ತಲೆನೋವು, ಸುಸ್ತು ಶಾಖದ ಬಳಲಿಕೆಯಲ್ಲೂ ಇರುತ್ತವೆ, ಭೇದಿಯಲ್ಲೂ ಇರುತ್ತವೆ. ಆದರೆ ದಿಕ್ಕು ತಪ್ಪಿ ನಡೆಯುವುದು, ಸಂಬಂಧವಿಲ್ಲದ ಮಾತು, ಸ್ವಭಾವಕ್ಕೆ ಒಗ್ಗದ ಸಿಟ್ಟು, ಹೆಸರು ಕೇಳಿದರೆ ತಡವರಿಸುವುದು, ಇವು ಮೆದುಳು ಬಿಸಿಯೇರುತ್ತಿದೆ ಎಂಬುದರ ಗುರುತುಗಳು. 2.30ಕ್ಕೆ ಹುಡುಗರು ನಕ್ಕ ಆ ಬೈಗುಳವೇ ರೋಗನಿರ್ಣಯವಾಗಿತ್ತು. ಅವರನ್ನು ದೂರಿ ಫಲವಿಲ್ಲ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೂ ಮಾತು ಬಾರದ ಕೂಸಿನಲ್ಲಿ ಇದೇ ಗುರುತು ಬೇರೆ ರೂಪದಲ್ಲಿ ಬರುತ್ತದೆ: ಎದೆಹಾಲು ಹಿಡಿಯುವುದನ್ನು ಬಿಡುತ್ತದೆ, ಒಂದೇ ಸಮನೆ ಕಿರುಚಿ ಆಮೇಲೆ ಎಬ್ಬಿಸಿದರೂ ಏಳದಷ್ಟು ಮಂಕಾಗುತ್ತದೆ.

ಅದೇ ಸಂಜೆ ಅದೇ ತಂಡದ ಇನ್ನಿಬ್ಬರನ್ನು ಆಸ್ಪತ್ರೆಗೆ ಕರೆತಂದಿದ್ದರು. ಒಬ್ಬನ ಮೀನಖಂಡ, ಹೊಟ್ಟೆಯ ಸ್ನಾಯುಗಳು ಹಿಡಿದುಕೊಂಡಿದ್ದವು, ಉಷ್ಣಾಂಶ ಸಾಮಾನ್ಯವಾಗಿತ್ತು. ಇನ್ನೊಬ್ಬನಿಗೆ ತಲೆಸುತ್ತು, ವಾಕರಿಕೆ, ಗುದದ್ವಾರದ ಉಷ್ಣಾಂಶ 38.7; ಆದರೆ ಅವನು ತನ್ನ ಹೆಸರು, ಊರು, ಪಂದ್ಯದ ಸ್ಕೋರು ಎಲ್ಲವನ್ನೂ ಸರಿಯಾಗಿ ಹೇಳಿದ. ಮೊದಲನೆಯದು ಶಾಖದ ಸೆಳೆತ, ಎರಡನೆಯದು ಶಾಖದ ಬಳಲಿಕೆ. ಇಬ್ಬರನ್ನೂ ಫ್ಯಾನಿನಡಿ ಕಾಲು ಎತ್ತರಿಸಿ ಮಲಗಿಸಿ, ಮೈ ಒದ್ದೆ ಮಾಡಿ, ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪೊಟ್ಟಣದಂತೆ ಕದಡಿದ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಸಲಾಯಿತು. ಎರಡು ಗಂಟೆಯಲ್ಲಿ ಚೇತರಿಸಿಕೊಂಡು ಮನೆಗೆ ಹೋದರು. ಅರ್ಧ ಪೊಟ್ಟಣವನ್ನು ಅಂದಾಜಿನ ಲೋಟಕ್ಕೆ ಸುರಿಯುವುದು, ಟೆಟ್ರಾ ಪ್ಯಾಕಿನ ಸಿಹಿ ಪಾನೀಯವನ್ನೇ ಓಆರ್‌ಎಸ್ ಎಂದು ಕೊಡುವುದು ಎರಡೂ ತಪ್ಪು. ಪ್ರಜ್ಞೆ ಮಂಕಾದ ಮಗುವಿನ ಬಾಯಿಗಂತೂ ಏನನ್ನೂ ಹಾಕಬಾರದು, ನೀರು ಶ್ವಾಸಕೋಶ ಸೇರುತ್ತದೆ.

ಕುಸಿದದ್ದರಿಂದ ನೀರಿಗಿಳಿಸುವವರೆಗೆ 84 ನಿಮಿಷ ಹೋದವು. ಶಾಖಾಘಾತದಲ್ಲಿ ಅಂಗಾಂಗಗಳಿಗಾಗುವ ಹಾನಿ ಉಷ್ಣಾಂಶ ಎಷ್ಟು ಏರಿತು ಎಂಬುದಕ್ಕಿಂತ ಎಷ್ಟು ಹೊತ್ತು ಏರಿಯೇ ಇತ್ತು ಎಂಬುದನ್ನು ಹೆಚ್ಚು ಅವಲಂಬಿಸಿದೆ. ಕುಸಿದ ಅರ್ಧ ಗಂಟೆಯೊಳಗೆ 40ರ ಕೆಳಗೆ ತರಬೇಕೆಂಬ ಗುರಿ ಹುಟ್ಟಿರುವುದು ಈ ಕಾರಣಕ್ಕೆ. ಮೈದಾನದ ಅಂಚಿನಲ್ಲೇ ಶರಬತ್ತಿನ ಗಾಡಿ ನಿಂತಿತ್ತು, ಅದರಲ್ಲಿ ಗೋಣಿಚೀಲ ಸುತ್ತಿದ ಮಂಜುಗಡ್ಡೆ ಇತ್ತು. ಪಿಚ್ಚಿಗೆ ನೀರು ಹಾಯಿಸಲು ತಂದ ಟ್ರ್ಯಾಕ್ಟರ್ ಟ್ಯಾಂಕರ್ ಬೇವಿನ ಗಿಡದ ನೆರಳಲ್ಲಿತ್ತು. ಮುಖಕ್ಕೆ ಚಿಮುಕಿಸಿದ ಒಂದು ಬೊಗಸೆಯ ಬದಲು ಟ್ಯಾಂಕರಿನ ಪೈಪನ್ನೇ ಮೈಮೇಲೆ ಬಿಟ್ಟು, ಒದ್ದೆ ಟವೆಲಿನಲ್ಲಿ ಮಂಜುಗಡ್ಡೆ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು, 108ಕ್ಕೆ ಕರೆಮಾಡಿ, ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುತ್ತಿದ್ದರೆ ಯಕೃತ್ತು, ಸ್ನಾಯುಗಳ ಮುಂದಿನ ಹಾನಿಯ ಬಹುಪಾಲು ತಪ್ಪುತ್ತಿತ್ತೆಂಬುದು ನನ್ನ ಅಭಿಪ್ರಾಯ. ಮಂಜುಗಡ್ಡೆಯನ್ನು ಸಂದುಗಳಿಗೆ ಇಟ್ಟು ಕೂರುವುದಷ್ಟೇ ಸಾಲದು ಎಂಬುದನ್ನೂ ಸೇರಿಸಬೇಕು. ಮೈಯ ದೊಡ್ಡ ಭಾಗ ಒದ್ದೆಯಾಗಿರಬೇಕು, ಆ ನೀರು ಬದಲಾಗುತ್ತಿರಬೇಕು. ಸ್ಪಿರಿಟ್ ಹಚ್ಚಬಾರದು, ಮಕ್ಕಳ ಚರ್ಮ ಅದನ್ನು ಹೀರಿಕೊಳ್ಳುತ್ತದೆ.

ಪ್ಯಾರಾಸಿಟಮಾಲ್ ಬಗ್ಗೆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿದೆ. ಜ್ವರದಲ್ಲಿ ಮೆದುಳೇ ಮೈಯ ಉಷ್ಣಾಂಶದ ಮಟ್ಟವನ್ನು ಮೇಲೇರಿಸಿರುತ್ತದೆ, ಔಷಧ ಆ ಮಟ್ಟವನ್ನು ಕೆಳಗಿಳಿಸುತ್ತದೆ. ಶಾಖಾಘಾತದಲ್ಲಿ ಮೆದುಳು ಬೇಡವೆಂದರೂ ಮೈ ಕಾಯುತ್ತಿರುವುದರಿಂದ ಔಷಧಕ್ಕೆ ಅಲ್ಲಿ ಕೆಲಸವೇ ಇಲ್ಲ. ಮೇಲಾಗಿ ಮೊದಲೇ ಬೆಂದ ಯಕೃತ್ತಿನ ಮೇಲೆ ಪ್ಯಾರಾಸಿಟಮಾಲ್, ಬತ್ತಿದ ಮೂತ್ರಪಿಂಡದ ಮೇಲೆ ಐಬುಪ್ರೊಫೆನ್ ಹೊರೆಯಾಗುತ್ತವೆ.

ಇನ್ನು ಈ ಹುಡುಗನೇ ಏಕೆ ಬಿದ್ದ ಎಂಬ ಪ್ರಶ್ನೆ. ಅಂದು ಮೈದಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಊರಲ್ಲೇ ಬೆಳೆದವರ ಮೈ ಮಾರ್ಚ್‌ನಿಂದಲೇ ಬಿಸಿಲಿಗೆ ಒಗ್ಗಿರುತ್ತದೆ. ಹಾಗೆ ಒಗ್ಗಲು ಸುಮಾರು ಎರಡು ವಾರ ಬೇಕು, ಬೆಂಗಳೂರಿನಿಂದ ಬಂದು ಮೂರೇ ದಿನವಾದವನಿಗೆ ಆ ಅವಕಾಶ ಸಿಕ್ಕಿರಲಿಲ್ಲ. ಭೇದಿಯಿಂದ ನೀರು ಮೊದಲೇ ಕಡಿಮೆಯಾಗಿತ್ತು. ಕ್ಲೋರ್‌ಫೆನಿರಮೀನ್ ಬೆವರನ್ನು ತಗ್ಗಿಸಬಲ್ಲ ಔಷಧ, ಅದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದಿದ್ದರೂ ಬೇಸಿಗೆಯಲ್ಲಿ ನೆಗಡಿಗೆ ಅದನ್ನು ಕೊಡುವ ಜರೂರು ಇರಲಿಲ್ಲ. ಗುಳೆ ಹೋದ ಕುಟುಂಬಗಳು ಮದುವೆ, ಜಾತ್ರೆಗೆಂದು ಹಳ್ಳಿಗೆ ಮರಳುವುದು ಏಪ್ರಿಲ್, ಮೇ ತಿಂಗಳಲ್ಲೇ. ಹೊರಗಿನಿಂದ ಬಂದ ಈ ಮಕ್ಕಳನ್ನು ಆಶಾ ಕಾರ್ಯಕರ್ತೆಯರ ಬೇಸಿಗೆ ಪಟ್ಟಿಯಲ್ಲಿ ಬೇರೆಯಾಗಿ ಗುರುತಿಸುವುದು ಉಪಯುಕ್ತವಾದೀತು.

ಆನಂತರದ ದಿನಗಳು

ಬೋಧಕ ಆಸ್ಪತ್ರೆಯಲ್ಲಿ ಮೊದಲ ರಾತ್ರಿ ಮೂತ್ರ ಕಡು ಚಹಾ ಡಿಕಾಕ್ಷನ್ ಬಣ್ಣದಲ್ಲಿತ್ತು. ಸ್ನಾಯುಹಾನಿ ತಿಳಿಸುವ ಸಿಪಿಕೆ 6,400, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ 1.3. ಗಂಟೆಗೆ ಕಿಲೋಗೆ 1ರಿಂದ 2 ಮಿಲಿಲೀಟರ್ ಮೂತ್ರ ಬರುವಂತೆ ಸಲೈನ್ ಹೊಂದಿಸಿದ್ದರಿಂದ ಮೂರನೆಯ ದಿನಕ್ಕೆ ಬಣ್ಣ ತಿಳಿಯಾಯಿತು, ಕ್ರಿಯಾಟಿನಿನ್ 0.7ಕ್ಕೆ ಇಳಿಯಿತು. ಯಕೃತ್ತಿನ ಕಿಣ್ವಗಳ ಗತಿ ಹಾಗಿರಲಿಲ್ಲ. ಮೊದಲ ದಿನ ಎಎಸ್‌ಟಿ 640 ಇದ್ದದ್ದು, ಬಾಲಕ ಎದ್ದು ಕೂತು ಮಾತಾಡುತ್ತಿದ್ದ ಮೂರನೆಯ ದಿನ 2,180ಕ್ಕೇರಿತು. ಪ್ಲೇಟ್‌ಲೆಟ್ 92,000ಕ್ಕೆ ಇಳಿದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತಿಳಿಸುವ ಐಎನ್‌ಆರ್ 1.9 ಆಯಿತು. ರಕ್ತಸ್ರಾವವಿಲ್ಲದ ಕಾರಣ ಪ್ಲಾಸ್ಮಾ ಕೊಡಲಿಲ್ಲ. ಐದನೆಯ ದಿನದಿಂದ ಅಂಕಿಗಳು ಇಳಿಮುಖವಾದವು. ಮಗು ಎಚ್ಚರಗೊಂಡಿತೆಂದು ಎರಡನೆಯ ದಿನವೇ ಮನೆಗೆ ಕರೆದೊಯ್ಯಲು ಬಯಸುವ ಪಾಲಕರಿಗೆ, ಯಕೃತ್ತಿನ ಪೆಟ್ಟು ಎರಡು ಮೂರು ದಿನ ತಡವಾಗಿ ತಲೆಯೆತ್ತುತ್ತದೆಂದು ಮೊದಲೇ ತಿಳಿಸಿ ಹೇಳಬೇಕು. ರಕ್ತದ ಕಲ್ಚರ್ 48 ಗಂಟೆಯಲ್ಲಿ ನೆಗೆಟಿವ್ ಬಂದದ್ದರಿಂದ ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿದರು, ಬೆನ್ನುಹುರಿ ನೀರಿನ ಪರೀಕ್ಷೆಯ ಅಗತ್ಯ ಉಳಿಯಲಿಲ್ಲ.

ಎಂಟನೆಯ ದಿನ ಮನೆಗೆ ಹೋಗುವಾಗ ಬಾಲಕನ ನಡಿಗೆ ತುಸು ಓಲಾಡುತ್ತಿತ್ತು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಸಮತೋಲ ಕಾಯುವ ಕಿರುಮೆದುಳಿನ ಜೀವಕೋಶಗಳು ಶಾಖಕ್ಕೆ ಬಹು ಬೇಗ ಬಾಡುವುದರಿಂದ ಇದು ಅನಿರೀಕ್ಷಿತವಲ್ಲ, ಆದರೆ ಕೆಲವರಲ್ಲಿ ಶಾಶ್ವತವಾಗಿ ಉಳಿಯಬಹುದು. ಕುಟುಂಬ ಬೆಂಗಳೂರಿಗೆ ಮರಳಿದ್ದರಿಂದ ಮುಂದಿನ ತಪಾಸಣೆ ಅಲ್ಲಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ನಡೆಯಿತು. ಆರನೆಯ ವಾರಕ್ಕೆ ನಡಿಗೆ ನೆಟ್ಟಗಾಗಿತ್ತು, ಕೈಬರಹ ಮೊದಲಿನಂತಾಗಿತ್ತು, ಯಕೃತ್ತಿನ ಮತ್ತು ಸ್ನಾಯುವಿನ ಕಿಣ್ವಗಳು ಸಹಜ ಮಟ್ಟಕ್ಕೆ ಬಂದಿದ್ದವು. ಅಲ್ಲಿಯವರೆಗೆ ಓಟ, ಆಟ ಎರಡನ್ನೂ ಬೇಡವೆಂದಿದ್ದ ವೈದ್ಯರು, ಆಗ ಮೊದಲ ವಾರ ಬೆಳಗಿನ ತಂಪಿನಲ್ಲಿ ನಡಿಗೆ, ಎರಡನೆಯ ವಾರ ಹತ್ತು ಹದಿನೈದು ನಿಮಿಷದ ಹಗುರ ಆಟ, ಆನಂತರ ಶಾಲೆಯ ಪೂರ್ಣ ಆಟದ ಅವಧಿ ಎಂದು ಹಂತಗಳನ್ನು ಬರೆದುಕೊಟ್ಟರು. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದರೆ ಮೊದಲ ಎರಡು ವಾರ ಬೆಳಿಗ್ಗೆ 9ರೊಳಗೆ, ಸಂಜೆ 5ರ ನಂತರ ಮಾತ್ರ ಆಡಬಹುದೆಂದೂ ಅದೇ ಚೀಟಿಯಲ್ಲಿ ಸೇರಿಸಿದರು.